ಕಾಗುಣಿತ ತಿದ್ದಿದವನಿಗೆ ಗಿರಣಿಯ ಕೀಲಿಕೈ

ಪೈಟಾರ್ಚ್ ಹೆಸರು ಕೇಳದವರೂ ಅದರ ಫಲ ಉಂಡಿರುತ್ತಾರೆ. ಇವತ್ತಿನ ಕೃತಕ ಬುದ್ಧಿಮತ್ತೆಯ ದೊಡ್ಡ ಪಾಲು ನಿಂತಿರುವುದು ಈ ಮುಕ್ತ ತಂತ್ರಾಂಶದ ಮೇಲೆ. 2023ರ ಆಗಸ್ಟ್ ಹೊತ್ತಿಗೆ ಜಾನ್ ಸ್ಟಾವಿನ್‌ಸ್ಕಿ ಮತ್ತು ಅದ್ನಾನ್ ಖಾನ್ ಎಂಬ ಇಬ್ಬರು ಭದ್ರತಾ ಸಂಶೋಧಕರು ಅದರ ದಾಖಲೆಯೊಂದರಲ್ಲಿ ಚಿಕ್ಕದೊಂದು ಭಾಷಾದೋಷ ಹುಡುಕಿದರು, ತಿದ್ದಿ ಕಳಿಸಿದರು. ಯೋಜನೆಯವರು ಒಪ್ಪಿಕೊಂಡರು. ಬೇಡ ಎನ್ನಲು ಯಾರಿಗೂ ಕಾರಣವಿರಲಿಲ್ಲ. ಆ ಕ್ಷಣದಿಂದ ಪೈಟಾರ್ಚ್‌ನ ಲೆಕ್ಕದಲ್ಲಿ ಅವರು ಅಪರಿಚಿತರಲ್ಲ, ‘ಕೊಡುಗೆದಾರರು’. ಮುಂದಿನ ಸಲ ಅವರು ಕಳಿಸಿದ್ದು ಭಾಷಾದೋಷದ ತಿದ್ದುಪಡಿಯಲ್ಲ, ಪೈಟಾರ್ಚ್‌ನ ಪರೀಕ್ಷಾ ಯಂತ್ರದ ಮೇಲೆ ಓಡಲೆಂದು ಬರೆದ ತಮ್ಮದೇ ಕೋಡ್. ಯಾರ ಒಪ್ಪಿಗೆಯನ್ನೂ ಕೇಳದೆ ಅದು ಓಡಿತು. ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತುತ್ತ ಹೋದವರ ಕೈಗೆ, ಲೋಕಕ್ಕೆಲ್ಲ ಹಂಚುವ ಪೈಟಾರ್ಚ್ ಫೈಲುಗಳನ್ನೇ ಬದಲಿಸಬಲ್ಲ ಕೀಲಿಗಳು ಸಿಕ್ಕವು.

ಬದಲಿಸಲಿಲ್ಲ, ಪುಣ್ಯ. ಪೈಟಾರ್ಚ್ ಹುಟ್ಟುಹಾಕಿದ ಮೆಟಾ ಕಂಪನಿಗೆ ತಿಳಿಸಿ, ತೂತು ಮುಚ್ಚಿದ ಮೇಲೆ 2024ರ ಜನವರಿಯಲ್ಲಿ ಇಡೀ ಕಥೆ ಬರೆದರು. ಅದನ್ನು ಓದಿದಾಗ ನನ್ನ ನಿದ್ದೆಗೆಡಿಸಿದ್ದು ಅವರು ಹತ್ತಿದ ಕೊನೆಯ ಮೆಟ್ಟಿಲಲ್ಲ, ಮೊದಲನೆಯದು. ಒಂದು ವಾಕ್ಯ ತಿದ್ದಿದವನನ್ನು ಯಂತ್ರದ ಹತ್ತಿರ ಬಿಡಬಹುದು ಎಂದು ತೀರ್ಮಾನಿಸಿದ್ದು ಯಾರು, ಯಾವಾಗ?

ಮುಕ್ತ ತಂತ್ರಾಂಶದ ಒಳಮನೆ ಕಾಣದವರಿಗಾಗಿ ಸ್ವಲ್ಪ ವಿವರ. ಇಂಥ ಯೋಜನೆಗೆ ಯಾರು ಬೇಕಾದರೂ ಬದಲಾವಣೆ ಸೂಚಿಸಬಹುದು. ಮೂಲ ಕೋಡಿನ ಒಂದು ಪ್ರತಿ ಮಾಡಿಕೊಂಡು, ಅದರಲ್ಲಿ ತಿದ್ದಿ, ಇದನ್ನು ಸೇರಿಸಿಕೊಳ್ಳಿ ಎಂದು ಕೇಳಿದರಾಯಿತು. ಆ ಕೋರಿಕೆಗೆ ಪುಲ್ ರಿಕ್ವೆಸ್ಟ್ ಎಂದು ಹೆಸರು. ಬಳಗದವರ ಬಾಯಲ್ಲಿ ಬರೀ ಪಿಆರ್. ಪಿಆರ್ ಬಂದೊಡನೆ ಎಲ್ಲೋ ಒಂದು ಕಂಪ್ಯೂಟರ್ ಎಚ್ಚೆತ್ತು, ಆ ಕೋಡನ್ನು ಜೋಡಿಸಿ, ನೂರಾರು ಪರೀಕ್ಷೆ ಓಡಿಸಿ, ಪಾಸಾದರೆ ಹಸಿರು, ಫೇಲಾದರೆ ಕೆಂಪು ಗುರುತು ಹಾಕುತ್ತದೆ. ಇದಕ್ಕೆ ಸಿಐ ಎನ್ನುತ್ತಾರೆ. ಯೋಜನೆಯನ್ನು ನೋಡಿಕೊಳ್ಳುವವರು, ಅಂದರೆ ಮೇಂಟೇನರ್‌ಗಳು, ಈ ಗುರುತು ನೋಡಿಯೇ ಕೋಡ್ ಓದಲು ಕೂರುವುದು. ಕೆಂಪಿದ್ದರೆ ಓದುವ ಗೋಜಿಗೂ ಹೋಗುವುದಿಲ್ಲ.

ಹಿಟ್ಟಿನ ಗಿರಣಿಯನ್ನು ನೆನೆಯಿರಿ. ಕಾಳು ಬಂದವರದು, ಯಂತ್ರ ಗಿರಣಿಯವನದು, ಕರೆಂಟ್ ಬಿಲ್ಲೂ ಅವನದೇ. ಜೋಳದಲ್ಲಿ ಬೆಣಚುಕಲ್ಲು ಸೇರಿದ್ದರೆ ಹಾಳಾಗುವುದು ಅವನ ಬೀಸುಕಲ್ಲು. ಸಿಐ ಗತಿ ಇದಕ್ಕಿಂತ ಕಷ್ಟ, ಏಕೆಂದರೆ ಇಲ್ಲಿ ಕಾಳಿಗೆ ಕೈಕಾಲು ಇವೆ. ಕೋಡನ್ನು ಪರೀಕ್ಷಿಸುವುದೆಂದರೆ ಓದಿ ನೋಡುವುದಲ್ಲ, ಓಡಿಸಿ ನೋಡುವುದು. ಮೇಲಾಗಿ ಪರೀಕ್ಷೆಯನ್ನೇ ತಿದ್ದುವ ಸ್ವಾತಂತ್ರ್ಯ ಪಿಆರ್ ಕಳಿಸಿದವನಿಗಿದೆ. ಎರಡಕ್ಕೆ ಎರಡು ಕೂಡಿಸಿದರೆ ನಾಲ್ಕು ಬರುತ್ತದೆಯೇ ಎಂದು ನೋಡುವ ಜಾಗದಲ್ಲಿ, ಈ ಯಂತ್ರದಲ್ಲಿರುವ ಪಾಸ್‌ವರ್ಡುಗಳನ್ನೆಲ್ಲ ನನಗೆ ಕಳಿಸು ಎಂದು ಅವನು ಬರೆದಿದ್ದರೆ, ಯಂತ್ರ ವಿಧೇಯವಾಗಿ ಕಳಿಸಿಕೊಡುತ್ತದೆ. ಆಮೇಲೆ ಬೇಕಾದರೆ ಹಸಿರು ಗುರುತನ್ನೂ ಹಾಕುತ್ತದೆ.

ಇದು ಗೊತ್ತಿದ್ದೂ ಬಹಳ ವರ್ಷ ಎಲ್ಲರೂ ಆರಾಮಾಗಿದ್ದರು. 2011ರಲ್ಲಿ ಬರ್ಲಿನ್‌ನಲ್ಲಿ ಶುರುವಾದ ಟ್ರಾವಿಸ್ ಸಿಐ ಮುಕ್ತ ಯೋಜನೆಗಳ ಪರೀಕ್ಷೆಗಳನ್ನು ಪುಕ್ಕಟೆಯಾಗಿ ಓಡಿಸಿಕೊಡುತ್ತಿತ್ತು. ಒಂದು ತಲೆಮಾರಿನ ಡೆವಲಪರ್‌ಗಳು ಪರೀಕ್ಷೆ ಬರೆಯುವ ಶಿಸ್ತು ಕಲಿತದ್ದು ಅದರ ಕೃಪೆಯಿಂದ. 2019ರ ನವೆಂಬರ್‌ನಲ್ಲಿ ಇಂಥ ಯೋಜನೆಗಳ ಕೋಡ್ ಇಡುವ ತಾಣವಾದ ಗಿಟ್‌ಹಬ್ ಆ್ಯಕ್ಷನ್ಸ್ ಎಂಬ ತನ್ನದೇ ಸಿಐ ಸೇವೆಯನ್ನು ಎಲ್ಲರಿಗೂ ತೆರೆಯಿತು. ಅದೂ ಸಾರ್ವಜನಿಕ ಯೋಜನೆಗಳಿಗೆ ಬಿಟ್ಟಿ, ಒಂದೊಂದು ಕೆಲಸಕ್ಕೆ ಆರು ಗಂಟೆಯವರೆಗೆ. ಮರುವರ್ಷದ ಕೊನೆಗೆ ಕ್ರಿಪ್ಟೊ ನಾಣ್ಯಗಳ ಬೆಲೆ ಗಗನಕ್ಕೇರಿತು. ನಾಣ್ಯ ಹುಟ್ಟಿಸಲು ಬೇಕಾದದ್ದು ಕಂಪ್ಯೂಟರ್ ಮತ್ತು ಕರೆಂಟು. ಎರಡೂ ಇಲ್ಲಿ ಬಿಟ್ಟಿ. ಯಾರದೋ ಯೋಜನೆಗೆ ಒಂದು ಪಿಆರ್ ಕಳಿಸಿದರೆ ಸಾಕು. ಅದನ್ನು ಯಾರೂ ಒಪ್ಪಬೇಕಿಲ್ಲ, ನೋಡಬೇಕಾಗಿಯೂ ಇಲ್ಲ. ಬಂದೊಡನೆ ಸಿಐ ಓಡುತ್ತದೆ, ಓಡಿದಷ್ಟು ಹೊತ್ತು ನಾಣ್ಯ ಉದುರುತ್ತದೆ. ಜೋಳ ಬೀಸುವ ನೆಪದಲ್ಲಿ ಗಿರಣಿಯ ಮೋಟಾರಿಗೆ ತನ್ನ ತೋಟದ ಪಂಪಿನ ಬೆಲ್ಟು ಸಿಕ್ಕಿಸಿದ ಹಾಗೆ. ಟ್ರಾವಿಸ್ 2020ರ ನವೆಂಬರ್‌ನಲ್ಲೇ ಈ ದುರ್ಬಳಕೆಯನ್ನು ಮುಂದಿಟ್ಟು ಉಚಿತ ಬಾಗಿಲನ್ನು ಕಿರಿದು ಮಾಡಿತು. 2021ರ ಜೂನ್‌ನಲ್ಲಿ ಮುಕ್ತ ಯೋಜನೆಗಳ ಅದರ ಹಳೆಯ ತಾಣ ಮುಚ್ಚಿಯೇ ಹೋಯಿತು.

ಗಿಟ್‌ಹಬ್ ಮದ್ದು ಹುಡುಕಿದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ. ಒಂದು ಯೋಜನೆಗೆ ಮೊದಲ ಸಲ ಪಿಆರ್ ಕಳಿಸುವವನ ಪರೀಕ್ಷೆ ತಾನಾಗಿ ಓಡುವುದಿಲ್ಲ. ಮೇಂಟೇನರ್ ಬಂದು ಗುಂಡಿ ಒತ್ತಬೇಕು. ಒಂದೇ ಒಂದು ಪಿಆರ್ ಸೇರ್ಪಡೆಯಾಯಿತೋ, ಅಲ್ಲಿಂದಾಚೆ ಆ ಮನುಷ್ಯನಿಗೆ ತಡೆಯಿಲ್ಲ. ಇದು ಹೊಸದಾಗಿ ಬಂದಾಗ ಇದ್ದ ಲೆಕ್ಕ, ಇದನ್ನು ಬಿಗಿ ಮಾಡಿಕೊಳ್ಳಲು ಸೆಟ್ಟಿಂಗ್‌ನಲ್ಲಿ ಅವಕಾಶವಿದೆ. ಹೊರಗಿನವರು ಯಾರೇ ಆಗಲಿ, ಎಷ್ಟನೇ ಸಲವೇ ಆಗಲಿ, ಕೇಳಿಯೇ ಓಡಿಸು ಎಂದೂ ಹೇಳಬಹುದು. ಆದರೆ ತಾನಾಗಿ ಬಂದ ಸೆಟ್ಟಿಂಗನ್ನು ಬದಲಿಸುವವರು ಎಷ್ಟು ಮಂದಿ? ನಮ್ಮ ಮನೆಯ ಟಿವಿ ರಿಮೋಟಿನಲ್ಲಿ ನಾವು ಎಂದೂ ಒತ್ತದ ಗುಂಡಿಗಳನ್ನು ಎಣಿಸಿದರೆ ಉತ್ತರ ಸಿಗುತ್ತದೆ.

ನಾಣ್ಯಗಳ್ಳರ ಮಟ್ಟಿಗೆ ಮದ್ದು ತಕ್ಕಮಟ್ಟಿಗೆ ಕೆಲಸ ಮಾಡಿತು. ಒಂದೇ ದಿನ ನೂರು ಕಡೆ ಕೈ ಹಾಕುವವನಿಗೆ ಒಂದೊಂದು ಕಡೆಯೂ ತಪ್ಪು ಹುಡುಕಿ, ತಿದ್ದಿ, ಒಪ್ಪಿಗೆಗೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ಆದರೆ ಒಂದೇ ಮನೆಯ ಮೇಲೆ ಕಣ್ಣಿಟ್ಟವನಿಗೆ ಈ ಬೇಲಿ ಹಾರಲು ಒಂದು ಕಾಗುಣಿತದ ತಪ್ಪು ಸಾಕು. ಸ್ಟಾವಿನ್‌ಸ್ಕಿ ಮತ್ತು ಖಾನ್ ತೋರಿಸಿಕೊಟ್ಟದ್ದು ಅದನ್ನೇ. ಪೈಟಾರ್ಚ್‌ನ ಸಮಸ್ಯೆಗೆ ಇನ್ನೊಂದು ಎಳೆಯೂ ಇತ್ತು. ಗಿಟ್‌ಹಬ್ ಕೊಡುವ ಕಂಪ್ಯೂಟರು ಪ್ರತಿ ಕೆಲಸ ಮುಗಿದ ಮೇಲೆ ಅಳಿಸಿಹೋಗುತ್ತದೆ, ಒಂದು ಚೀಲ ಬೀಸಿದ ಮೇಲೆ ಗಿರಣಿಯನ್ನೇ ಕೆಡವಿ ಹೊಸದು ಕಟ್ಟಿದ ಹಾಗೆ. ಪೈಟಾರ್ಚ್‌ನವರು ಅದರ ಜೊತೆಗೆ ತಮ್ಮದೇ ಯಂತ್ರಗಳನ್ನೂ ಸಿಐಗೆ ಜೋಡಿಸಿದ್ದರು. ಇದಕ್ಕೆ ಸೆಲ್ಫ್ ಹೋಸ್ಟೆಡ್ ರನ್ನರ್ ಎಂದು ಹೆಸರು. ಕೆಲಸ ಮುಗಿದ ಮೇಲೂ ಅವು ಹಾಗೇ ಇರುತ್ತಿದ್ದವು. ಒಬ್ಬ ಬಿಟ್ಟುಹೋದದ್ದು ಮುಂದಿನವನ ಹಿಟ್ಟಿಗೆ ಬೆರೆಯುತ್ತದೆ. ಸಾರ್ವಜನಿಕ ಯೋಜನೆಗಳಿಗೆ ಇಂಥ ರನ್ನರ್‌ಗಳನ್ನು ಹೆಚ್ಚುಕಡಿಮೆ ಬಳಸಲೇಬೇಡಿ ಎಂದು ಗಿಟ್‌ಹಬ್‌ನ ಕೈಪಿಡಿಯೇ ಹೇಳುತ್ತದೆ.

ಕಾಗುಣಿತ ತಿದ್ದಿದರೆ ಕೊಡುಗೆದಾರ ಎಂಬ ಲೆಕ್ಕದ ಇನ್ನೊಂದು ಮುಖ ನಮ್ಮ ದೇಶಕ್ಕೇ ಸಂಬಂಧಿಸಿದ್ದು, ಹೇಳಲು ಸ್ವಲ್ಪ ಮುಜುಗರವೂ ಆಗುತ್ತದೆ. ಡಿಜಿಟಲ್‌ಓಷನ್ ಕಂಪನಿ ಪ್ರತಿ ಅಕ್ಟೋಬರ್ ನಡೆಸುವ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ನಾಲ್ಕು ಪಿಆರ್ ಕಳಿಸಿದವರಿಗೆ ಟೀ ಶರ್ಟ್ ಕೊಡುತ್ತಿದ್ದರು. 2020ರಲ್ಲಿ ಭಾರತದ ಒಂದು ಯೂಟ್ಯೂಬ್ ವಿಡಿಯೋ ಪಿಆರ್ ಕಳಿಸುವುದು ಎಷ್ಟು ಸುಲಭ ಎಂದು ತೋರಿಸಿದ್ದೇ ತಡ, ಲೋಕದ ಯೋಜನೆಗಳಿಗೆಲ್ಲ ‘ಅಮೇಜಿಂಗ್ ಪ್ರಾಜೆಕ್ಟ್’ ಎಂಬ ಎರಡು ಪದ ಸೇರಿಸುವ ಪಿಆರ್‌ಗಳ ಮಳೆ ಸುರಿಯಿತು. ಮೂರನೇ ದಿನಕ್ಕೆ ನಿಯಮ ಬದಲಾಯಿತು: ಬೇಕೆಂದು ಹೇಳಿದ ಯೋಜನೆಗಳಷ್ಟೇ ಲೆಕ್ಕಕ್ಕೆ. 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಎಂಬ ಜನಪ್ರಿಯ ಜಾವಾಸ್ಕ್ರಿಪ್ಟ್ ಯೋಜನೆಯ ಪಾಡೂ ಇದೇ. ಅದರ ಪರಿಚಯ ಪುಟಕ್ಕೆ ತಮ್ಮ ಹೆಸರು ಸೇರಿಸುವ ಪಿಆರ್‌ಗಳು ಬಂದು ಬಿದ್ದವು, ಮೂಲದಲ್ಲಿ ಮತ್ತೆ ನಮ್ಮದೇ ಒಂದು ಪಾಠದ ವಿಡಿಯೋ. ಕಳಿಸಿದ ಹುಡುಗರು ಕಳ್ಳರಲ್ಲ. ಕ್ಯಾಂಪಸ್ ಸಂದರ್ಶನಕ್ಕೆ ಮೊದಲು ಗಿಟ್‌ಹಬ್ ಖಾತೆಯಲ್ಲಿ ನಾಲ್ಕು ಹಸಿರು ಚೌಕ ಕಾಣಲಿ ಎಂಬ ಆಸೆಯವರು. ಆದರೆ ಇದೇ ನೂಕುನುಗ್ಗಲಿನಲ್ಲಿ ಮೇಂಟೇನರ್ ಕಣ್ಣು ಮಂಕಾಗುತ್ತದೆ, ಗುಂಡಿ ಒತ್ತುವ ಬೆರಳು ಯಾಂತ್ರಿಕವಾಗುತ್ತದೆ. 2028ರ ಹೊತ್ತಿಗೆ ಗಿಟ್‌ಹಬ್‌ನಲ್ಲಿ ಅತಿ ಹೆಚ್ಚು ಡೆವಲಪರ್‌ಗಳಿರುವ ದೇಶ ಭಾರತವಾಗಲಿದೆ ಎಂದು ಆ ಕಂಪನಿ 2024ರ ವರದಿಯಲ್ಲಿ ಅಂದಾಜಿಸಿತ್ತು. ಅಂದರೆ ಗಿರಣಿಯ ಮುಂದಿನ ಸಾಲಿನಲ್ಲಿ ನಿಲ್ಲುವವರು ಹೆಚ್ಚಾಗಿ ನಮ್ಮ ಹುಡುಗ ಹುಡುಗಿಯರೇ. ಬೇಲಿ ಎಲ್ಲಿ ಹಾಕಬೇಕೆಂಬ ಪ್ರಶ್ನೆ ನಮಗೆ ದೂರದ್ದೇನಲ್ಲ.

ಗಿಟ್‌ಹಬ್ 2021ರಲ್ಲಿ ಕಂಡುಕೊಂಡದ್ದನ್ನು ಹಳೆಯ ದೊಡ್ಡ ಯೋಜನೆಗಳು ಬಹಳ ಮೊದಲೇ ತಮ್ಮ ತಮ್ಮ ರೀತಿಯಲ್ಲಿ ಕಂಡುಕೊಂಡಿದ್ದವು. ಅಪಾಚೆ ಸ್ಪಾರ್ಕ್‌ಗೆ ಹೊಸಬರು ಪಿಆರ್ ಕಳಿಸಿದಾಗ ಸಿಐ ನಡೆಸುವ ಜೆಂಕಿನ್ಸ್ ಎಂಬ ಬಾಟ್ ಬಂದು, ಆಡಳಿತಗಾರರಲ್ಲಿ ಯಾರಾದರೂ ಒಬ್ಬರು ಇದನ್ನು ಪರಿಶೀಲಿಸುವಿರಾ ಎಂದು ಕೇಳುತ್ತಿತ್ತು. ಆಡಳಿತಗಾರರು ‘ಓಕೆ ಟು ಟೆಸ್ಟ್’ ಎಂದು ಬರೆದರೆ ಗಿರಣಿ ತಿರುಗುತ್ತಿತ್ತು. ಕುಬರ್ನೆಟೀಸ್‌ನಲ್ಲಿ ಇವತ್ತಿಗೂ ಅದೇ ಮಾತು, ಮುಂದೊಂದು ಓರೆಗೆರೆ ಅಷ್ಟೆ. ಸದಸ್ಯನೊಬ್ಬ ಅದನ್ನು ಬರೆಯುವತನಕ ಪಿಆರ್‌ಗೆ ‘ನೀಡ್ಸ್ ಓಕೆ ಟು ಟೆಸ್ಟ್’ ಎಂಬ ಚೀಟಿ ಅಂಟಿಕೊಂಡಿರುತ್ತದೆ. ಸದಸ್ಯನಾಗಲು ಇಬ್ಬರ ಶಿಫಾರಸು ಬೇಕು. ಮೊಝಿಲ್ಲಾದಲ್ಲಿ ಮೂರು ಹಂತದ ಪ್ರವೇಶ: ಒಂದನೆಯದು ಟ್ರೈ ಸರ್ವರ್‌ನಲ್ಲಿ ಪರೀಕ್ಷೆ ಓಡಿಸಲು, ಮೂರನೆಯದು ಫೈರ್‌ಫಾಕ್ಸ್‌ನ ಕೋಡನ್ನೇ ಮುಟ್ಟಲು. ರಸ್ಟ್ ಭಾಷೆಯ ಬಳಗದಲ್ಲಿ ಬೋರ್ಸ್ ಎಂಬ ಬಾಟ್ ಇದೆ. ಅದಕ್ಕೆ ‘ಟ್ರೈ’ ಎನ್ನುವ ಹಕ್ಕು ಬೇರೆ, ‘ಆರ್ ಪ್ಲಸ್’ ಎಂದು ಒಪ್ಪಿಗೆ ಮುದ್ರೆ ಒತ್ತುವ ಹಕ್ಕು ಬೇರೆ.

ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ವಿಕಿಮೀಡಿಯದ ಹಳೆಯ ಪದ್ಧತಿ. ಕನ್ನಡ ವಿಕಿಪೀಡಿಯ, ಕನ್ನಡ ವಿಕಿಸೋರ್ಸ್ ಎಲ್ಲ ನಡೆಯುವುದು ಮೀಡಿಯಾವಿಕಿ ಎಂಬ ತಂತ್ರಾಂಶದ ಮೇಲೆ. ಅದರ ಸಿಐ ವ್ಯವಸ್ಥೆಯಲ್ಲಿ ಬಹುಕಾಲ ಒಂದು ಪಟ್ಟಿಯಿತ್ತು, ನಂಬಿಕಸ್ತರ ಇಮೇಲ್ ವಿಳಾಸಗಳ ಪಟ್ಟಿ. ಪಟ್ಟಿಯಲ್ಲಿ ಇದ್ದವರ ಕೋಡ್ ಪೂರ್ತಿ ಪರೀಕ್ಷೆಗೆ ಹೋಗುತ್ತಿತ್ತು. ಇಲ್ಲದವರದ್ದನ್ನು ಯಂತ್ರ ಓಡಿಸುತ್ತಿರಲಿಲ್ಲ, ಆದರೆ ಓದುತ್ತಿತ್ತು: ವ್ಯಾಕರಣ ಸರಿಯಿದೆಯೇ, ಆವರಣ ಚಿಹ್ನೆ ಮುಚ್ಚಿದೆಯೇ ಎಂಬಂಥ ತಪಾಸಣೆ ಮಾತ್ರ. ಬಲ್ಲವರೊಬ್ಬರು ಕೋಡ್ ಮೇಲೆ ಕಣ್ಣಾಡಿಸಿ ‘ರೀಚೆಕ್’ ಎಂದು ಬರೆದರೆ ಉಳಿದದ್ದು ಓಡುತ್ತಿತ್ತು. ಓದುವ ಪರೀಕ್ಷೆ ಎಲ್ಲರಿಗೂ, ಓಡಿಸುವ ಪರೀಕ್ಷೆ ಗುರುತಿದ್ದವರಿಗೆ. ಹೊಸಬ ಬರಿಗೈಲಿ ಹೋಗುವುದಿಲ್ಲ, ಗಿರಣಿಗೂ ಅಪಾಯವಿಲ್ಲ.

ಈ ಎಲ್ಲ ಬಾಗಿಲುಗಳ ಹಿಂದೆ ಕೂತಿರುವವನು ಮನುಷ್ಯ ಎಂಬುದೇ ಕಷ್ಟ. ನಾನೊಮ್ಮೆ ಒಂದು ಯೋಜನೆಗೆ ಆರು ಸಾಲಿನ ತಿದ್ದುಪಡಿ ಕಳಿಸಿ, ಪರೀಕ್ಷೆ ಓಡಲೆಂದು ಹನ್ನೊಂದು ದಿನ ಕಾದಿದ್ದೇನೆ. ಫೇಲಾಗಿತ್ತು. ಸರಿಮಾಡಿ ಮತ್ತೆ ಕಳಿಸಿದರೆ ಮತ್ತೆ ಕಾಯುವಿಕೆ, ಮೊದಲ ಪಿಆರ್ ಸೇರ್ಪಡೆಯಾಗುವತನಕ ಪ್ರತಿ ಸಲವೂ ಗುಂಡಿ ಒತ್ತಿಸಿಕೊಳ್ಳಬೇಕಲ್ಲ. ಮೂರನೇ ಸುತ್ತಿಗೆ ಕೈಬಿಟ್ಟೆ. ಬಾಗಿಲಿನ ಆಚೆ ಬದಿಯಲ್ಲಿ ಕೂತೂ ತಪ್ಪು ಮಾಡಿದ್ದೇನೆ. ಬಿಎಂಟಿಸಿ ಬಸ್ಸಿನಲ್ಲಿ ನಿಂತುಕೊಂಡು, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಫೋನ್ ಹಿಡಿದು, ಯಾರೋ ಕಳಿಸಿದ ನಾನೂರು ಸಾಲಿನ ಪಿಆರ್‌ಗೆ ಓದದೆಯೇ ಗುಂಡಿ ಒತ್ತಿದ್ದೇನೆ. ಏನೂ ಆಗಲಿಲ್ಲ. ಹಾಗೆ ಏನೂ ಆಗದಿದ್ದದ್ದೇ ಮುಂದಿನ ಸಲವೂ ಓದದೆ ಒತ್ತಲು ಧೈರ್ಯ ಕೊಟ್ಟಿತು.

ಇಷ್ಟರಲ್ಲಿ ಕಥೆ ಮುಗಿದಿದ್ದರೆ ವ್ಯವಹಾರ ಕರೆಂಟ್ ಬಿಲ್ಲಿನದ್ದಾಗಿರುತ್ತಿತ್ತು. ನಿಜವಾದ ಸೊತ್ತು ಇರುವುದು ಗಿರಣಿಯ ಗಲ್ಲಾಪೆಟ್ಟಿಗೆಯಲ್ಲಿ. ಪರೀಕ್ಷೆ ಓಡಿಸುವ ಯಂತ್ರವೇ ಅನೇಕ ಕಡೆ ಹೊಸ ಆವೃತ್ತಿ ಬಿಡುಗಡೆ ಮಾಡುವ ಕೆಲಸವನ್ನೂ ಹೊತ್ತಿರುತ್ತದೆ. ಅದಕ್ಕಾಗಿ ಅಲ್ಲಿ ಟೋಕನ್‌ಗಳು, ಗುಪ್ತ ಕೀಲಿಗಳು ಇರುತ್ತವೆ. ಗಿಟ್‌ಹಬ್ ಇದನ್ನು ಮೊದಲಿನಿಂದಲೂ ಅರಿತಿತ್ತು. ಹೊರಗಿನವನ ಪ್ರತಿಯಿಂದ ಬಂದ ಪಿಆರ್ ಓಡುವಾಗ ಗಲ್ಲಾಪೆಟ್ಟಿಗೆ ಕಾಣಿಸುವುದಿಲ್ಲ, ಸಿಗುವ ಟೋಕನ್ನೂ ಓದಲು ಮಾತ್ರ, ಬರೆಯಲು ಅಲ್ಲ. ಒಳ್ಳೆಯ ಏರ್ಪಾಡು. ಆದರೆ ಮೇಂಟೇನರ್‌ಗಳಿಗೆ ಇದರಿಂದ ಇರುಸುಮುರುಸು. ಹೊರಗಿನವರ ಪಿಆರ್‌ಗೆ ತಾನಾಗಿ ಚೀಟಿ ಅಂಟಿಸಬೇಕು, ಸ್ವಾಗತ ಕೋರಬೇಕು ಎಂದರೂ ಬರೆಯುವ ಹಕ್ಕು ಬೇಕಲ್ಲ. ಹಾಗಾಗಿ 2020ರಲ್ಲಿ ‘ಪುಲ್ ರಿಕ್ವೆಸ್ಟ್ ಟಾರ್ಗೆಟ್’ ಎಂಬ ಎರಡನೇ ಬಾಗಿಲು ತೆರೆದರು. ಈ ಬಾಗಿಲಿನಿಂದ ಓಡುವ ಕೆಲಸಕ್ಕೆ ಮನೆಯವರ ಹಕ್ಕುಗಳೆಲ್ಲ ಇರುತ್ತವೆ. ಶರತ್ತು ಒಂದೇ: ಇಲ್ಲಿ ಹೊರಗಿನವನ ಕೋಡನ್ನು ಓಡಿಸಬೇಡಿ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಜನ ಅಲ್ಲೇ ಕೋಡನ್ನೂ ಓಡಿಸಿದರು. ಕೆಲವರು ಜಾಣತನದಿಂದ, ಮೇಂಟೇನರ್ ‘ಸೇಫ್ ಟು ಟೆಸ್ಟ್’ ಎಂದು ಚೀಟಿ ಅಂಟಿಸಿದರಷ್ಟೇ ಓಡಲಿ ಎಂದು ಕಟ್ಟು ಹಾಕಿದರು. ಕಳ್ಳ ಒಳ್ಳೆಯ ಕೋಡ್ ತೋರಿಸುತ್ತಾನೆ, ಚೀಟಿ ಬೀಳುತ್ತದೆ, ಯಂತ್ರ ಎಚ್ಚೆತ್ತುಕೊಳ್ಳುವ ಆ ಕೆಲವು ಕ್ಷಣಗಳಲ್ಲಿ ಕೋಡನ್ನು ಬದಲಿಸಿಬಿಡುತ್ತಾನೆ. ತೂಗಿದ್ದು ಒಂದು ಚೀಲ, ಬೀಸಿದ್ದು ಇನ್ನೊಂದು.

ಕೋಡನ್ನೇ ಓಡಿಸದಿದ್ದವರೂ ಬಚಾವಾಗಲಿಲ್ಲ. ಅಲ್ಟ್ರಾಲಿಟಿಕ್ಸ್ ಎಂಬುದು ಚಿತ್ರದಲ್ಲಿರುವ ವಸ್ತುಗಳನ್ನು ಗುರುತಿಸುವ ಯೋಲೋ ತಂತ್ರಾಂಶ ಹಂಚುವ ಯೋಜನೆ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಹೆಲ್ಮೆಟ್ ಹಾಕದ ಸವಾರರನ್ನು ಪತ್ತೆಹಚ್ಚುವ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡುವವರು ಮೊದಲು ಹಾಕಿಕೊಳ್ಳುವುದು ಇದನ್ನೇ. 2024ರ ಡಿಸೆಂಬರ್‌ನಲ್ಲಿ ಅದರ 8.3.41 ಮತ್ತು 8.3.42 ಆವೃತ್ತಿಗಳಲ್ಲಿ ನಾಣ್ಯ ಹುಟ್ಟಿಸುವ ಕಳ್ಳ ಕೋಡ್ ಸೇರಿಕೊಂಡು ಹೊರಬಂತು. ಹಾಕಿಕೊಂಡವರ ಕಂಪ್ಯೂಟರುಗಳು ಯಾರಿಗೋ ಮೊನೆರೊ ನಾಣ್ಯ ಅಗೆಯತೊಡಗಿದವು. ಕಳ್ಳ ಒಳಗೆ ಬಂದದ್ದು ಹೇಗೆ ಗೊತ್ತೇ? ಪಿಆರ್‌ನೊಳಗಿನ ಕೋಡಿನಿಂದಲ್ಲ, ಪಿಆರ್ ಕಳಿಸಿದ ಶಾಖೆಯ, ಅಂದರೆ ಕೋಡಿನ ಕವಲಿನ, ಹೆಸರಿನಿಂದ. ಶಾಖೆಗೆ ಹೆಸರಿಡುವಾಗ ಹೆಸರಿನ ಬದಲು ಒಂದು ಆಜ್ಞೆಯನ್ನೇ ಬರೆದಿದ್ದ: ಇಂಥ ಕಡೆಯಿಂದ ಇಂಥ ಫೈಲ್ ತಂದು ಓಡಿಸು. ಎರಡನೇ ಬಾಗಿಲಲ್ಲಿ ಕೂತಿದ್ದ ಯಂತ್ರ ಆ ಹೆಸರನ್ನು ಓದಲು ಹೋಗಿ ಪಾಲಿಸಿಬಿಟ್ಟಿತು. ಚೀಲದ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿದ್ದಕ್ಕೇ ಗಿರಣಿಯವನು ಕೀಲಿಕೈ ಕೊಟ್ಟ ಕಥೆ. ಆವೃತ್ತಿಗಳನ್ನು ತೆಗೆದುಹಾಕಿ ನಿಟ್ಟುಸಿರು ಬಿಟ್ಟ ಎರಡು ಮೂರು ದಿನಗಳಲ್ಲೇ 8.3.45 ಮತ್ತು 8.3.46 ಎಂಬ ಇನ್ನೆರಡು ಕಳ್ಳ ಆವೃತ್ತಿಗಳು ಬಂದವು. ಹಳೆಯ ಟೋಕನ್ ಒಂದನ್ನು ರದ್ದು ಮಾಡಲು ಮರೆತಿದ್ದರು.

2025ರ ಆಗಸ್ಟ್ 26ರಂದು ಎನ್ಎಕ್ಸ್ ಎಂಬ ಯೋಜನೆಯ ಸರದಿ. ಅಲ್ಲಿ ಆಜ್ಞೆ ಅಡಗಿದ್ದು ಪಿಆರ್‌ನ ಶೀರ್ಷಿಕೆಯಲ್ಲಿ. ಈ ಪ್ರಕರಣದಲ್ಲಿ ಒಂದು ವಿವರ ನನಗೆ ಮರೆಯಲಾಗುವುದಿಲ್ಲ. ದೋಷವನ್ನು ಅವರು ಅಷ್ಟರಲ್ಲಾಗಲೇ ಕಂಡು, ಮುಖ್ಯ ಶಾಖೆಯಿಂದ ತೆಗೆದಿದ್ದರು. ಆದರೆ ಯಾರೂ ಮುಟ್ಟದ ಹಳೆಯ ಶಾಖೆಯೊಂದರಲ್ಲಿ ಅದು ಹಾಗೇ ಉಳಿದಿತ್ತು. ಎರಡನೇ ಬಾಗಿಲಿನ ನಿಯಮದಂತೆ, ಪಿಆರ್ ಯಾವ ಶಾಖೆಗೆ ಬರುತ್ತದೋ ಆ ಶಾಖೆಯ ಸೂಚನೆಗಳೇ ಜಾರಿಯಾಗುತ್ತವೆ. ಕಳ್ಳ ಹಳೆಯ ಶಾಖೆಗೇ ಪಿಆರ್ ಕಳಿಸಿದ. ಮುಂಬಾಗಿಲಿಗೆ ಹೊಸ ಬೀಗ ಜಡಿದು ಹಿತ್ತಿಲ ಬಾಗಿಲನ್ನು ಮರೆತ ಹಾಗಾಯಿತು. ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರವಾದ ಎನ್‌ಪಿಎಂಗೆ ಪ್ಯಾಕೇಜ್ ಏರಿಸುವ ಟೋಕನ್ ಹೋಯಿತು, ಅದರಿಂದ ಹೊರಬಂದ ವಿಷದ ಆವೃತ್ತಿಗಳು ಡೆವಲಪರ್‌ಗಳ ಕಂಪ್ಯೂಟರುಗಳಲ್ಲಿದ್ದ ಎಐ ಸಹಾಯಕರಿಗೇ ಹೇಳಿ ಕೀಲಿಗಳನ್ನು ಹುಡುಕಿಸಿದವು. ಈ ಬಾಗಿಲು ಇನ್ನು ಮುಂದೆ ಮುಖ್ಯ ಶಾಖೆಯ ಸೂಚನೆಯನ್ನಷ್ಟೇ ಪಾಲಿಸುವಂತೆ ಗಿಟ್‌ಹಬ್ ಬದಲಿಸಿದ್ದು 2025ರ ಕೊನೆಯಲ್ಲಿ.

ಇವನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ ನನಗೆ ಅನ್ನಿಸುವುದು ಇಷ್ಟು. ನಾವು ‘ಇವನು ಯಾರು’ ಎಂದು ಕೇಳುವುದರಲ್ಲೇ ಹೊತ್ತು ಕಳೆಯುತ್ತಿದ್ದೇವೆ. ಯಾರು ಎಂಬುದಕ್ಕೆ ಸಿಐ ಬಳಿ ಇರುವ ಅಳತೆಗೋಲು ಹಿಂದಿನ ಕೊಡುಗೆ ಮಾತ್ರ, ಅದನ್ನು ಒಂದು ಅಲ್ಪವಿರಾಮ ತಿದ್ದಿ ಸಂಪಾದಿಸಬಹುದು. ಅಲ್ಪವಿರಾಮ ಸಾಲದು, ವರ್ಷಗಟ್ಟಲೆ ದುಡಿದಿರಬೇಕು ಎಂದರೆ ಅದಕ್ಕೂ ಉತ್ತರವಿದೆ. ಎಕ್ಸ್‌ಝಡ್ ಎಂಬ ಪುಟ್ಟ ತಂತ್ರಾಂಶದಲ್ಲಿ ‘ಜಿಯಾ ಟಾನ್’ ಎಂಬ ಹೆಸರಿನವನು ಎರಡು ವರ್ಷಕ್ಕೂ ಹೆಚ್ಚು ಕಾಲ ನಿಷ್ಠೆಯಿಂದ ದುಡಿದು ಮೇಂಟೇನರ್ ಆದ. ಆಮೇಲೆ ಹಿಂಬಾಗಿಲನ್ನು ಅಡಗಿಸಿಟ್ಟ, ಅದೂ ಪರೀಕ್ಷೆಗೆಂದು ಇಟ್ಟ ಕೆಟ್ಟುಹೋದ ಫೈಲುಗಳೊಳಗೆ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಲಾಗಿನ್ ಆಗಲು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಕೆದಕದೆ ಇದ್ದಿದ್ದರೆ ಅದು ಲೋಕದ ಲೆಕ್ಕವಿಲ್ಲದಷ್ಟು ಸರ್ವರ್‌ಗಳಿಗೆ ಹರಡಬಹುದಿತ್ತು.

ಕೇಳಬೇಕಾದದ್ದು ‘ಇಲ್ಲಿ ಏನಿದೆ’ ಎಂದು. ಬೀಸುವ ಕೋಣೆಯಲ್ಲಿ ಗಲ್ಲಾಪೆಟ್ಟಿಗೆ ಯಾಕಿರಬೇಕು? ಪರೀಕ್ಷೆಯ ಯಂತ್ರದಲ್ಲಿ ಕದಿಯಲು ಏನೂ ಇಲ್ಲದಿದ್ದರೆ, ಕೆಲಸ ಮುಗಿದೊಡನೆ ಅದು ಅಳಿಸಿಹೋಗುವುದಾದರೆ, ಬಿಡುಗಡೆಯ ಕೆಲಸ ಬೇರೆಯದೇ ಯಂತ್ರದಲ್ಲಿ ಬೇರೆಯದೇ ಕೀಲಿಯಿಂದ ನಡೆಯುವುದಾದರೆ, ಹೊಸಬನನ್ನು ಹನ್ನೊಂದು ದಿನ ಬಿಸಿಲಲ್ಲಿ ನಿಲ್ಲಿಸುವ ಅಗತ್ಯವೇ ಬೀಳುವುದಿಲ್ಲ. ಉಳಿಯುವುದು ಕರೆಂಟ್ ಬಿಲ್ಲಿನ ಚಿಂತೆ; ಅದಕ್ಕೆ ಗುಂಡಿ ಒತ್ತುವ ಪದ್ಧತಿ ಇರಲಿ, ಯಾರೂ ಬೇಡವೆನ್ನುವುದಿಲ್ಲ. 2023ರ ಫೆಬ್ರುವರಿಯಿಂದ ಗಿಟ್‌ಹಬ್‌ನಲ್ಲಿ ಹೊಸದಾಗಿ ಶುರುವಾಗುವ ಯೋಜನೆಗಳ ಟೋಕನ್‌ಗೆ ತಾನಾಗಿ ಸಿಗುವುದು ಓದುವ ಹಕ್ಕು ಮಾತ್ರ, ಬರೆಯುವ ಹಕ್ಕು ಬೇಕಿದ್ದರೆ ಕೇಳಿ ಪಡೆಯಬೇಕು. ಸರಿಯಾದ ದಾರಿ. ಆದರೆ ಅದಕ್ಕಿಂತ ಹಳೆಯ ಯೋಜನೆಗಳ ಸೆಟ್ಟಿಂಗ್ ಹಳೆಯದೇ ಆಗಿ ಉಳಿದಿದೆ, ಯಾರಾದರೂ ಹೋಗಿ ಬದಲಿಸದ ಹೊರತು.

ಇತ್ತೀಚೆಗೆ ಸಾಲಿನಲ್ಲಿ ಮನುಷ್ಯರಲ್ಲದವರೂ ನಿಲ್ಲತೊಡಗಿದ್ದಾರೆ. ಗಿಟ್‌ಹಬ್‌ನದೇ ಕೋಪೈಲಟ್ ಏಜೆಂಟ್ ತಾನೇ ಕೋಡ್ ಬರೆದು ಪಿಆರ್ ತೆರೆಯುತ್ತದೆ. ತಮಾಷೆಯೆಂದರೆ, ತಾನಾಗಿ ಬಂದ ಸೆಟ್ಟಿಂಗ್‌ನಲ್ಲಿ ಅದರ ಪಿಆರ್‌ಗೂ ಮೇಂಟೇನರ್ ಗುಂಡಿ ಒತ್ತಿದ ಮೇಲೆಯೇ ಪರೀಕ್ಷೆ ಓಡುವುದು. ಮನೆಯ ಮಗನಿಗೂ ಗಿರಣಿಯಲ್ಲಿ ಸಾಲು ತಪ್ಪಿಲ್ಲ.

ಹೋದ ತಿಂಗಳು ನಾನು ನೋಡಿಕೊಳ್ಳುವ ಪುಟ್ಟ ಯೋಜನೆಗೆ ಒಂದು ಪಿಆರ್ ಬಂತು. ಕನ್ನಡ ಅಂಕಿಗಳನ್ನು ಪದಗಳಾಗಿ ಬರೆಯುವ ತಂತ್ರಾಂಶ ಅದು, ಕಳಿಸಿದವಳು ಎರಡನೇ ವರ್ಷದ ವಿದ್ಯಾರ್ಥಿನಿ. ‘ಹತ್ತೊಂಬತ್ತು’ ಎಂಬಲ್ಲಿ ಒತ್ತಕ್ಷರ ಬಿಟ್ಟುಹೋಗಿದ್ದನ್ನು ತಿದ್ದಿದ್ದಳು. ಈ ಸಲ ಬಸ್ಸಿನಲ್ಲಿರಲಿಲ್ಲ. ಮೇಜಿನ ಮುಂದೆ ಕೂತು ಯಾವ ಯಾವ ಫೈಲು ಬದಲಾಗಿದೆ ಎಂದು ನೋಡಿದೆ; ಸಿಐ ಸೂಚನೆಗಳ ಫೋಲ್ಡರ್ ಮುಟ್ಟಿಲ್ಲ, ಇನ್‌ಸ್ಟಾಲ್ ಸ್ಕ್ರಿಪ್ಟ್ ಮುಟ್ಟಿಲ್ಲ. ಶಾಖೆಯ ಹೆಸರನ್ನೂ ಓದಿದೆ, ಅಭ್ಯಾಸವಾಗಿಬಿಟ್ಟಿದೆ. ಗುಂಡಿ ಒತ್ತಿದೆ. ನಾಲ್ಕು ನಿಮಿಷಕ್ಕೆ ಕೆಂಪು ಬಂತು. ತಪ್ಪು ಅವಳದ್ದಲ್ಲ. ನಾನು ಎರಡು ವರ್ಷದ ಹಿಂದೆ ಬರೆದ ಪರೀಕ್ಷೆಯಲ್ಲೂ ಅದೇ ಒತ್ತು ಬಿಟ್ಟುಹೋಗಿತ್ತು.